ಸಹಾಯ ಬೇಕು: ವಾರ್ಡ್ ಸಮಿತಿ ಸಭೆಯ ನಡಾವಳಿ ಪಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆ ಪಾರ್ಕಿನ ಶೌಚಾಲಯಕ್ಕೆ ಬೀಗ ಬಿದ್ದು ಎಂಟು ತಿಂಗಳಾಯಿತು. ಬೀಗ ತುಕ್ಕು ಹಿಡಿದಿದೆ, ಬಾಗಿಲ ಸಂದಿಯಲ್ಲಿ ಜೇಡ ಸಂಸಾರ ಹೂಡಿದೆ. ವಾಕಿಂಗ್ ಬರುವ ಹಿರಿಯರು, ಕಸ ಗುಡಿಸುವ ಅಕ್ಕಂದಿರು ಪಡುವ ಪಾಡು ಹೇಳತೀರದು.

ವಾರ್ಡ್ ಸಮಿತಿ ಸಭೆಯಲ್ಲಿ ಎರಡು ಸಲ ಹೇಳಿದೆವು. 'ಬರ್ಕೊಂಡಿದೀವಿ ಸಾರ್' ಅಂದರು. ಏನು ಬರೆದುಕೊಂಡಿರಿ, ನಡಾವಳಿ ತೋರಿಸಿ ಅಂದರೆ ಮಾತಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿಯೇ ಹೇಳುತ್ತದೆ. ಸುಮ್ನೆ ಬೋಂಡಾ ತಿಂದು ಎದ್ದು ಹೋಗೋಕಲ್ಲ ಅಲ್ವಾ?

ಮಾಹಿತಿ ಹಕ್ಕಿನಡಿ ಅರ್ಜಿ ಬರೆಯೋಕೆ ಕೂತಿದ್ದೇನೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಇಷ್ಟು ಗೊತ್ತು. ಆದರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ನನ್ನದು ಆಗಲೇ ಎರಡು ಪುಟ ದಾಟಿದೆ! ನಡಾವಳಿ, ಶೌಚಾಲಯದ ನಿರ್ವಹಣೆ ಟೆಂಡರ್ ಪ್ರತಿ ಎರಡನ್ನೂ ಒಟ್ಟಿಗೆ ಕೇಳಬಹುದಾ, ಬೇರೆ ಬೇರೆ ಹಾಕಬೇಕಾ?

ಇಂಥ ಅರ್ಜಿ ಹಾಕಿ ಅನುಭವ ಇರುವವರು ಒಂದು ಮಾದರಿ ಅರ್ಜಿ ಕಳಿಸಿ, ಪ್ಲೀಸ್. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ತೆಗೆಯಬೇಕು ಅನ್ನೋದನ್ನೂ ಹೇಳಿ. ಶನಿವಾರ ಮತ್ತೆ ಸಭೆ ಇದೆ, ಅಷ್ಟರೊಳಗೆ ಹಾಕಬೇಕು.