ಆಶ್‌ವಿಲ್ ಬಗ್ಗೆ ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೆ, ಸಾರಿ, ನಿಮ್ಮ ಮೆಸೇಜ್ ನಿನ್ನೆ ರಾತ್ರೀನೇ ನೋಡ್ದೆ, ಪಾತ್ರೆ ತೊಳ್ದು ಮಗೂನ ಮಲಗಿಸೋ ಅಷ್ಟೊತ್ತಿಗೆ ಹನ್ನೊಂದಾಗೋಯ್ತು, ಈಗ ಲಂಚ್‌ಗೆ ಕೂತು ಮಾತಾಡ್ತಿದೀನಿ, ಫೋನೇ ಟೈಪ್ ಮಾಡ್ಕೊಳ್ತಿದೆ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಂಡು ಓದಿ. ನೀವು ಕೇಳಿದ್ದು ಏನು, ಹಾಸನದಿಂದ ಬಂದಿರೋ ಅಪ್ಪ ಅಮ್ಮನ್ನ ಅಟ್ಲಾಂಟಾದಿಂದ ಶನಿವಾರ ಭಾನುವಾರ ನಾರ್ತ್ ಕ್ಯಾರೊಲಿನಾದ ಆಶ್‌ವಿಲ್‌ಗೆ ಕರ್ಕೊಂಡು ಹೋಗ್ಬಹುದಾ, ಆ ಪ್ರವಾಹ ಆದ್ಮೇಲೆ ಅಲ್ಲಿ ನೋಡೋಕೆ ಏನಾದ್ರೂ ಉಳಿದಿದ್ಯಾ, ಅಣ್ಣ ಬೇರೆ ಒಂದಿಡೀ ದಿನ ಬಿಲ್ಟ್‌ಮೋರ್‌ಗೇ ಇಡೋಣ ಅಂತಿದಾನೆ, ಇಷ್ಟೇ ತಾನೆ. ಹೋಗಿ ಅತ್ತಿಗೆ, ಕಣ್ಮುಚ್ಕೊಂಡು ಹೋಗಿ. ಅಣ್ಣನ ಮಾತು ಮಾತ್ರ ಕೇಳ್ಬೇಡಿ.

ಬಿಲ್ಟ್‌ಮೋರ್ ಕೆಟ್ಟದು ಅಂತಲ್ಲ. ವ್ಯಾಂಡರ್‌ಬಿಲ್ಟ್ ಮನೆತನದ ಜಾರ್ಜ್ ಅನ್ನೋರು 1889ರಲ್ಲಿ ಶುರು ಮಾಡಿ 1895ರಲ್ಲಿ ಗೃಹಪ್ರವೇಶ ಮಾಡಿದ ಮನೆ, 250 ರೂಮು, ಅದರಲ್ಲಿ 43 ಬಾತ್‌ರೂಮೇ ಇದಾವಂತೆ. ಆದ್ರೆ ಟಿಕೆಟ್ ತಲೆಗೆ ನೂರು ಡಾಲರ್ ಲೆಕ್ಕದಲ್ಲಿ ಇಟ್ಕೊಳ್ಳಿ, ದಿನ ನೋಡ್ಕೊಂಡು ಏರ್ತಾ ಇಳೀತಾ ಇರತ್ತೆ, ಒಳಗೆ ಮೆಟ್ಟಲು ಹತ್ತಿ ಇಳಿಯೋದೇ ಕೆಲಸ, ನಿಮ್ಮಪ್ಪನ ಮಂಡಿಗೆ ಅದು ಬೇಡ. ನಾವು ಹೋದಾಗ ನಮ್ಮತ್ತೆ ಊಟದ ಹಾಲಲ್ಲಿ ತಲೆ ಎತ್ತಿ ಎಪ್ಪತ್ತಡಿ ಸೀಲಿಂಗ್ ನೋಡಿ, ಚೆನ್ನಾಗಿದೆ, ಆದ್ರೆ ಮೈಸೂರು ಅರಮನೆ ಇನ್ನೂ ಚೆನ್ನಾಗಿದೆ ಅಂದ್ಬಿಟ್ರು. ನಮಗಾದ ನಾನೂರು ಡಾಲರ್ ಅಲ್ಲೇ ಕಾಲ್ಬುಡದಲ್ಲಿ ಬಿದ್ದ ಹಾಗಾಯ್ತು.

ಆಮೇಲೆ ಬೆಟ್ಟದೂರು ಅಂದ್ರೆ ಮಡಿಕೇರಿ ಥರ ಊರೊಳಗೇ ಮಂಜು ನುಗ್ಗುತ್ತೆ ಅಂದ್ಕೊಂಡು ಹೋಗ್ಬೇಡಿ. ಆಶ್‌ವಿಲ್ ಇರೋದು ಬರೀ 2,100 ಚಿಲ್ರೆ ಅಡಿ, ನಿಮ್ಮ ಹಾಸನಾನೇ ಅದಕ್ಕಿಂತ ಸಾವಿರ ಅಡಿ ಎತ್ತರ! ಸುತ್ತ ಬ್ಲೂ ರಿಜ್ ಬೆಟ್ಟ, ಮಧ್ಯದಲ್ಲಿ ಬಟ್ಟಲಲ್ಲಿಟ್ಟ ಹಾಗೆ ಊರು.

ಶನಿವಾರ ಮಧ್ಯಾಹ್ನ ಡೌನ್‌ಟೌನಲ್ಲಿ ಸುಮ್ನೆ ನಡೀರಿ ಅಷ್ಟೆ. ಒಂದೊಂದು ಮೂಲೇಲೂ ಯಾರಾದ್ರೂ ಪಿಟೀಲೋ ಬ್ಯಾಂಜೋನೋ ಹಿಡ್ಕೊಂಡು ನಿಂತಿರ್ತಾರೆ, ಅಂಗಡಿಗಳೆಲ್ಲ ಹಳೇ ಕಟ್ಟಡಗಳಲ್ಲೇ. ಅದ್ಯಾಕೆ ಹಾಗೆ ಅನ್ನೋದಕ್ಕೊಂದು ಕಥೆ ಇದೆ, ಮಾವ ಬ್ಯಾಂಕಲ್ಲಿದ್ದೋರಲ್ವಾ, ಇದನ್ನ ಕೇಳಿದ್ಮೇಲೆ ಊರನ್ನ ನೋಡೋ ದೃಷ್ಟೀನೇ ಬದಲಾಗೋಯ್ತು ಅವರಿಗೆ. 1920ರ ದಶಕದಲ್ಲಿ ಊರು ಸಿಕ್ಕಾಪಟ್ಟೆ ಸಾಲ ಮಾಡಿ ಕಟ್ಟಿಸ್ತಾ ಹೋಯ್ತು, 1930ರ ನವೆಂಬರಲ್ಲಿ ಇವರ ದುಡ್ಡಿಟ್ಟಿದ್ದ ದೊಡ್ಡ ಬ್ಯಾಂಕೇ ಮುಳುಗೋಯ್ತು, ಆದ್ರೂ ನಾವು ದಿವಾಳಿ ಅಂತ ಕೈ ಎತ್ತದೆ ಪೈಸೆ ಪೈಸೆ ತೀರಿಸ್ತೀವಿ ಅಂತ ಕೂತು 1976ರ ತನಕ ತೀರಿಸಿದ್ರಂತೆ. ಬೇರೆ ಊರುಗಳು ಹಳೇದನ್ನ ಒಡೆದು ಹೊಸ ಬಿಲ್ಡಿಂಗ್ ಎಬ್ಬಿಸ್ತಿದ್ದಾಗ ಇವರ ಹತ್ರ ಒಡೆಯೋಕೂ ಕಾಸಿರ್ಲಿಲ್ಲ, ಹಂಗಾಗಿ ಎಲ್ಲ ಉಳ್ಕೊಂಡ್ವು. 1928ರ ಸಿಟಿ ಹಾಲ್ ನೋಡಿ, ಮೇಲೆ ಎಂಟು ಮೂಲೆ, ಪಿಂಕ್ ಹೆಂಚು, ಯಾರೋ ಕೇಕ್ ಮಾಡಿ ಇಟ್ಟಿದಾರೆ ಅನ್ಸತ್ತೆ. ಮಾವ ಅದರ ಮುಂದೆ ನಿಂತು, ನಲವತ್ತಾರು ವರ್ಷ ಇಎಂಐ ಕಟ್ಟಿದಾರೆ ನೋಡಮ್ಮ ಅಂತ ಫೋಟೋ ತೆಗೆಸ್ಕೊಂಡ್ರು.

ಈಗ ಮುಖ್ಯವಾದ್ದು. ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್ ಅಂತ ಇದೆ, ಫ್ರೆಂಚ್ ಬ್ರಾಡ್ ಹೊಳೆ ದಡದಲ್ಲಿ ಹಳೇ ಫ್ಯಾಕ್ಟರಿ ಗೋಡೌನುಗಳು, ಅವುಗಳಲ್ಲಿ ಪೇಂಟ್ ಮಾಡೋರು, ಗಾಜು ಊದೋರು, ಕುಂಬಾರಿಕೆ ಮಾಡೋರು. 2024ರ ಸೆಪ್ಟೆಂಬರ್ 27ಕ್ಕೆ ಹೆಲೀನ್ ಚಂಡಮಾರುತ ಬಂದಾಗ ಹೊಳೆ 1916ರ ದಾಖಲೆಯನ್ನೂ ಮೀರಿ ಹತ್ತಿ, ತಗ್ಗಲ್ಲಿದ್ದ ಸ್ಟುಡಿಯೋಗಳೆಲ್ಲ ಮುಳುಗಿದ್ವು, ಊರಿಗೆ 53 ದಿನ ಕುಡಿಯೋ ನಲ್ಲಿ ನೀರೇ ಇರ್ಲಿಲ್ಲ ಅತ್ತಿಗೆ. ದಿಬ್ಬದ ಮೇಲಿದ್ದವು ಉಳ್ಕೊಂಡ್ವು, ಕೆಳಗಿನೋರಲ್ಲಿ ಕೆಲವರು ಮತ್ತೆ ಬಂದಿದಾರೆ, ಕೆಲವು ಕಡೆ ಇನ್ನೂ ಬರೀ ಗೋಡೆ. ಅಲ್ಲೊಬ್ಬರು ಹೆಂಗಸು, ಅರವತ್ತರ ಮೇಲಿರ್ಬಹುದು, ಕೆಸರಿಂದ ಅಗೆದು ತೆಗೆದ ಬಟ್ಟಲುಗಳನ್ನ ಒಂದು ಹಲಗೆ ಮೇಲೆ ಬೇರೆಯಾಗೇ ಇಟ್ಟಿದ್ರು. ಬಿಳೀ ಬಟ್ಟಲು, ಮೇಲಿನ ಹೊಳಪಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಇರತ್ತಲ್ಲ, ಆ ಬಿರುಕೊಳಗೆ ಹೊಳೆ ಕೆಸರು ಇಳಿದು ಕಂದು ಗೆರೆ ಗೆರೆ ಬಲೆ ಥರ ಕೂತ್ಬಿಟ್ಟಿದೆ, ಎಷ್ಟು ಉಜ್ಜಿದ್ರೂ ಹೋಗಲ್ವಂತೆ. ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಅತ್ತೆ ಉಗುರಲ್ಲಿ ಟಣ್ ಅಂತ ತಟ್ಟಿ ಕಿವಿಗಿಟ್ಕೊಂಡ್ರು, ಸಂತೇಲಿ ಗಡಿಗೆ ತಗೊಳೋವಾಗ ಮಾಡ್ತಾರಲ್ಲ ಹಂಗೆ. ಆಯಮ್ಮ ನಕ್ಕು ತಾವೂ ಇನ್ನೊಂದು ತಗೊಂಡು ತಟ್ಟಿ ತೋರಿಸಿದ್ರು. ಅರ್ಧ ಗಂಟೆ ಇಬ್ರೂ ಅದೇ. ಇಡೀ ಟ್ರಿಪ್ಪಲ್ಲಿ ಅತ್ತೆ ಮುಖ ಅಷ್ಟು ಅರಳಿದ್ದು ಅಲ್ಲೇ, ಅಲ್ಲಿಗೆ ಟಿಕೆಟ್ಟೂ ಇಲ್ಲ.

ಊಟಕ್ಕೆ ಯೋಚ್ನೆ ಮಾಡ್ಬೇಡಿ, ಚಾಯ್ ಪಾನಿ ಇದೆ. ಮೆಹೆರ್ವಾನ್ ಇರಾನಿ ಅಂತ, ಅಹ್ಮದ್‌ನಗರದಲ್ಲಿ ಬೆಳೆದೋರು, 2009ರಲ್ಲಿ ಶುರು ಮಾಡಿದ್ದು, 2022ರಲ್ಲಿ ಇಡೀ ಅಮೆರಿಕಾದಲ್ಲೇ ಅತ್ಯುತ್ತಮ ರೆಸ್ಟೋರೆಂಟ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಬೆಂಡೆಕಾಯಿ ಉದ್ದುದ್ದ ಸೀಳಿ ಗರಿಗರಿ ಕರಿದು ನಿಂಬೆಹಣ್ಣು ಹಿಂಡಿ ಕೊಡ್ತಾರೆ, ಎರಡು ಪ್ಲೇಟ್ ಹೇಳಿ, ಒಂದು ಅಣ್ಣನಿಗೇ ಬೇಕು. ಕ್ಯೂ ಇರತ್ತೆ, ಹನ್ನೊಂದೂವರೆಗೇ ಹೋಗಿ ನಿಂತ್ಕೊಳ್ಳಿ.

ಭಾನುವಾರ ಬ್ಲೂ ರಿಜ್ ಪಾರ್ಕ್‌ವೇ, ಬೆಟ್ಟದ ಮೇಲೇ ಹೋಗೋ ರಸ್ತೆ. ದುಡ್ಡು ಕೊಡೋ ಹಾಗಿಲ್ಲ, ಸ್ಪೀಡ್ 45 ಮೈಲಿ ದಾಟೋ ಹಾಗಿಲ್ಲ, ಲಾರಿ ಕಾಟ ಇಲ್ಲ. ಮೊದ್ಲು 382ನೇ ಮೈಲಿ ಹತ್ರ ಫೋಕ್ ಆರ್ಟ್ ಸೆಂಟರ್ ಸಿಗತ್ತೆ, ನೇಯ್ಗೆ, ಬುಟ್ಟಿ, ಮರದ ಕೆಲಸ ಎಲ್ಲ ಇದೆ, ಅಮ್ಮಂಗೆ ಇಷ್ಟ ಆಗತ್ತೆ. ಆಮೇಲೆ ಕ್ರ್ಯಾಗಿ ಗಾರ್ಡನ್ಸ್, ಮೌಂಟ್ ಮಿಚೆಲ್. ಅದು 6,684 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಚಿಲ್ರೆ ಅಡಿ ಜಾಸ್ತಿ, ಆದ್ರೆ ಹೆಚ್ಚುಕಮ್ಮಿ ತುದೀ ತನಕ ಕಾರೇ ಹೋಗತ್ತೆ, ಕೊನೇಲಿ ಸ್ವಲ್ಪ ಏರು ನಡೀಬೇಕು ಅಷ್ಟೆ. ಸ್ವೆಟರ್ ಮರೀಬೇಡಿ, ಅಕ್ಟೋಬರಲ್ಲಿ ನಾನು ಮಾವನ ಶಾಲು ಕಿತ್ಕೊಂಡು ಹೊದ್ಕೊಂಡಿದ್ದೆ. ಇನ್ನೊಂದು, ಪಾರ್ಕ್‌ವೇ ಮೇಲೆ ಗ್ಯಾಸ್ ಸ್ಟೇಷನ್ ಒಂದೂ ಇಲ್ಲ, ನಮ್ಮೋರು ಕಾಲು ಟ್ಯಾಂಕಲ್ಲಿ ಹತ್ತಿಸ್ಬಿಟ್ಟು ಇಳಿಯೋವಾಗ ಎಸಿ ಆಫ್, ಮಾತೂ ಆಫ್. ಫುಲ್ ಮಾಡ್ಕೊಂಡೇ ಹತ್ತಿ, ಮತ್ತೆ ಯಾವ ಭಾಗ ಓಪನ್ ಇದೆ ಅಂತ ಪಾರ್ಕ್ ಸರ್ವಿಸ್‌ನೋರ ಪೇಜಲ್ಲಿ ಹಿಂದಿನ ದಿನಾನೇ ನೋಡ್ಕೊಂಡ್ಬಿಡಿ.

ನೀವು 85ನೇ ನಂಬರ್ ಹೈವೇ ಹಿಡಿದು ಆಮೇಲೆ 26ರಲ್ಲಿ ಹೋದ್ರೆ ಮೂರೂವರೆ ಗಂಟೆ, ಅಮ್ಮಂಗೆ ತಿರುವುಗಳಲ್ಲಿ ವಾಂತಿ ಬರತ್ತೆ ಅಂತಿದ್ರಲ್ಲ, ಮುಂದಿನ ಸೀಟಲ್ಲಿ ಕೂರ್ಸಿ, ಶುಂಠಿ ಬ್ಯಾಗಲ್ಲಿರ್ಲಿ. ಆ ಕುಂಬಾರಮ್ಮನ ಜಾಗದ ಲೊಕೇಶನ್ ಸಂಜೆ ಹಾಕ್ತೀನಿ. ಆ ಕಂದು ಗೆರೆ ಬಟ್ಟಲು ಉಳಿದಿದ್ರೆ ಒಂದು ತನ್ನಿ ಅತ್ತಿಗೆ, ನಮ್ಮದರಲ್ಲಿ ಅತ್ತೆ ನಿಂಬೆಕಾಯಿ ಉಪ್ಪಿನಕಾಯಿ ಹಾಕಿ ಇಟ್ಬಿಟ್ಟಿದಾರೆ, ಮಾವಿನಕಾಯಿಗೆ ಇನ್ನೊಂದು ಬೇಕಂತೆ.