ಪದ ಬೇಕು, ಅರ್ಜೆಂಟ್: ಏಜೆಂಟರ ಹಿಂದಿರುವ ‘ಪ್ರಿನ್ಸಿಪಾಲ್’

ಎಲ್ಲರಿಗೂ ನಮಸ್ಕಾರ. ಒಂದು ಏಜೆನ್ಸಿ ಕರಾರಿನ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಏಜೆಂಟ್ ತಮಗೆ ಕೊಟ್ಟ ಅಧಿಕಾರ ಮೀರಿ ಹೊರಗಿನವರ ಜೊತೆ ಏನಾದರೂ ಒಪ್ಪಿಕೊಂಡರೆ ಪ್ರಿನ್ಸಿಪಾಲ್ (ಏಜೆಂಟ್ ಯಾರ ಪರವಾಗಿ ಕೆಲಸ ಮಾಡುತ್ತಾರೋ ಅವರು) ಅದಕ್ಕೆ ಲಯಬಲ್ ಅಲ್ಲ ಅನ್ನುವ ಸಾಲು ಅದು. ನಾನು ಹೀಗೆ ಬರೆದೆ:

“ಅಭಿಕರ್ತನ ಅಧಿಕಾರಾತೀತ ಕೃತ್ಯಗಳಿಗಾಗಿ ಪ್ರಧಾನನು ತೃತೀಯ ಪಕ್ಷಕಾರನಿಗೆ ಬಾಧ್ಯಸ್ಥನಾಗತಕ್ಕದ್ದಲ್ಲ.”

ಓದಿದ ಏಜೆಂಟರೊಬ್ಬರು “ಇದರಲ್ಲಿ ನಾನು ಯಾರು?” ಅಂತ ಕೇಳಿದರು. ಪ್ರಿನ್ಸಿಪಾಲ್ ಅಂತಲೇ ಬಿಟ್ಟರೆ ಕಾಲೇಜು ನೆನಪಾಗುತ್ತದೆ. ಯಾರಾದರೂ ದಾರಿ ತೋರಿಸಿ.

ಮರು:
ಧಣಿ, ಆಳು, ಹೊರಗಿನವರು. ಬಾಧ್ಯತೆಗೆ ಹೊಣೆ. ಮುಗಿಯಿತು. ಹೊಣೆ ಅಪ್ಪಟ ನಮ್ಮ ಪದ. ಹಳಗನ್ನಡದಲ್ಲಿ ಪೊಣೆ, ತಮಿಳಿನಲ್ಲಿ ಪುಣೈ. ಮನೆಯಲ್ಲೇ ಇಂಥ ಪದ ಇರುವಾಗ ಈ ಅಭಿಕರ್ತನನ್ನು ಎಲ್ಲಿಂದ ಹಿಡಿದು ತಂದಿರೋ!

ಮರು:
ಆಳು ಬೇಡ ಸಾರ್. ಆಳು ಹೇಳಿದ ಕೆಲಸ ಮಾಡುತ್ತಾನೆ, ಅಷ್ಟೇ. ಏಜೆಂಟ್ ಹಾಕಿದ ಸಹಿಗೆ ಇನ್ನೊಬ್ಬರು ಕಟ್ಟುಬೀಳುತ್ತಾರೆ. ಇಡೀ ಕಾನೂನು ನಿಂತಿರುವುದೇ ಅದರ ಮೇಲೆ.

ಪೊಣೆ ಅಂದರೆ ಜಾಮೀನು ಅನ್ನೋದನ್ನು ಮಾತ್ರ ನೀವು ಹೇಳಲಿಲ್ಲ. ಇವತ್ತಿಗೂ ಸಾಲಪತ್ರದಲ್ಲಿ ‘ಹೊಣೆಗಾರ’ ಅಂದರೆ ಜಾಮೀನು ನಿಂತವರು ಅಂತ ಓದುವವರಿದ್ದಾರೆ. ಏಜೆಂಟರ ಕಥೆ ಅದಕ್ಕೆ ಪೂರ್ತಿ ಉಲ್ಟಾ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 230 ನೋಡಿ. ಬೇರೆ ಮಾತು ಆಗಿಲ್ಲದಿದ್ದರೆ, ಪ್ರಿನ್ಸಿಪಾಲ್ ಪರವಾಗಿ ಮಾಡಿದ ಕರಾರಿಗೆ ಏಜೆಂಟ್ ಸ್ವಂತವಾಗಿ ಕಟ್ಟುಬೀಳುವುದಿಲ್ಲ. ಪ್ರಿನ್ಸಿಪಾಲ್ ಯಾರು ಅಂತ ಬಾಯಿಬಿಡದಿದ್ದರೆ, ಪರದೇಶದಲ್ಲಿರುವ ವ್ಯಾಪಾರಿಗಾಗಿ ಸರಕು ಕೊಂಡಿದ್ದರೆ ಅಥವಾ ಮಾರಿದ್ದರೆ, ಹೆಸರು ಹೇಳಿದ್ದರೂ ಅವರ ಮೇಲೆ ದಾವೆ ಹೂಡಲು ಬರದಿದ್ದರೆ, ಆಗ ಮಾತ್ರ ಏಜೆಂಟರ ಕುತ್ತಿಗೆಗೆ ಬರುತ್ತದೆ. ಹಾಗಾಗಿ ‘ಹೊಣೆ’ ಇರಲಿ, ‘ಹೊಣೆಗಾರ’ ಬೇಡ.

ಅದಿರಲಿ, ನನಗೆ ಪದಕ್ಕಿಂತ ಆ ಸಾಲಿನ ಮೇಲೇ ಅನುಮಾನ. ಒಬ್ಬರು ಸರಕು ಕಳಿಸಿ, ಇಂತಿಷ್ಟು ಬೆಲೆಗಿಂತ ಕಮ್ಮಿಗೆ ಮಾರಬೇಡಿ ಅಂತ ಏಜೆಂಟರಿಗೆ ಗುಟ್ಟಾಗಿ ಹೇಳುತ್ತಾರೆ. ಕೊಳ್ಳಲು ಬಂದವರಿಗೆ ಇದು ಗೊತ್ತಿಲ್ಲ. ಏಜೆಂಟ್ ಕಮ್ಮಿಗೇ ಮಾರಿಬಿಡುತ್ತಾರೆ. ಆ ವ್ಯಾಪಾರಕ್ಕೆ ಸರಕಿನವರು ಕಟ್ಟುಬೀಳಲೇಬೇಕು. ಸೆಕ್ಷನ್ 237ರ ಕೆಳಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆ ಇದು. ಏಜೆಂಟರಿಗೆ ಅಧಿಕಾರ ಇದೆ ಅಂತ ಹೊರಗಿನವರು ನಂಬುವ ಹಾಗೆ ನಡೆದುಕೊಂಡ ಮೇಲೆ, ‘ಅಧಿಕಾರ ಮೀರಿದರು’ ಅಂತ ಜಾರಿಕೊಳ್ಳಲು ಬರುವುದಿಲ್ಲ. ಇಬ್ಬರ ನಡುವಿನ ಕರಾರಿನಲ್ಲಿ ಬರೆದದ್ದು ಮೂರನೆಯವರಿಗೆ ಹೇಗೆ ತಿಳಿಯಬೇಕು? “ಅಧಿಕಾರದ ಮಿತಿ ಗೊತ್ತಿದ್ದ ಹೊರಗಿನವರಿಗೆ” ಅಂತ ಮೂಲದಲ್ಲಿ ಇದೆಯಾ, ಒಮ್ಮೆ ನೋಡಿ. ಇಲ್ಲದಿದ್ದರೆ ನೀವಾಗಿ ಸೇರಿಸಬೇಡಿ. ಕರಾರು ಬರೆಸಿದವರಿಗೆ ಹೇಳಿ.

ಮರು:
ಇಷ್ಟೆಲ್ಲ ಯಾಕೆ? ಮುಖ್ತಾರ ಅನ್ನಿ. ಮುಖ್ತಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಹೊಸದೇನಲ್ಲವಲ್ಲ. ಇನ್ನೊಂದು ಮಾತು. ವಕೀಲ ಅನ್ನೋದೂ ಅರಬ್ಬಿಯಲ್ಲಿ ಬೇರೆಯವರ ಪರವಾಗಿ ನಿಲ್ಲುವವರು ಅಂತಲೇ. ವಕಾಲತ್ತು ಅಂದರೇ ಏಜೆನ್ಸಿ! ನಾವು ಅದನ್ನು ಕೋರ್ಟಿಗೆ ಕಟ್ಟಿಹಾಕಿ, ಆಮೇಲೆ ಏಜೆಂಟ್‌ಗೆ ಪದ ಇಲ್ಲ ಅಂತ ಅಳುತ್ತಾ ಕೂತಿದ್ದೇವೆ.

ಮರು:
ಸಂಸ್ಕೃತ ಬೇಡ ಅಂದರೆ ಅರಬ್ಬಿ. ಚೆನ್ನಾಗಿದೆ.

ಮರು:
ಕರಾರು, ಜಾಮೀನು, ಜವಾಬ್ದಾರಿ ಎಲ್ಲ ಎಲ್ಲಿಂದ ಬಂದವು ಸ್ವಾಮಿ? ಅವನ್ನೂ ತೆಗೆದುಹಾಕಿ ಒಂದು ಪತ್ರ ಬರೆದು ತೋರಿಸಿ. ನಿಮ್ಮ ‘ಧಣಿ’ ಕೂಡ ಸಂಸ್ಕೃತದ ಧನದಿಂದ ಬಂದವನೇ.

ಮರು:
ತದ್ಭವ ಅನ್ನೋದು ಒಂದಿದೆ. ಇಲ್ಲಿರುವವರಿಗೆ ಅದನ್ನೂ ಬಿಡಿಸಿ ಹೇಳಬೇಕಾ?

ಮರು:
ದಯವಿಟ್ಟು ಜಗಳ ಆಮೇಲೆ. ಮೂಲದಲ್ಲಿ ಆ ಮಿತಿಯ ಮಾತು ಇಲ್ಲ, ಬರೆಸಿದವರಿಗೆ ತಿಳಿಸಿದ್ದೇನೆ. ಸದ್ಯಕ್ಕೆ ಹೀಗೆ ಮಾಡಿದೆ: “ಏಜೆಂಟ್ ತಮ್ಮ ಅಧಿಕಾರ ಮೀರಿ ಒಪ್ಪಿಕೊಂಡದ್ದಕ್ಕೆ ನೇಮಿಸಿದವರು ಹೊರಗಿನವರಿಗೆ ಹೊಣೆಯಲ್ಲ.” ಏಜೆಂಟ್ ಅನ್ನೋದು ಹಾಗೇ ಇದೆ, ಎಲ್ಲರಿಗೂ ಗೊತ್ತಿರುವ ಪದ. ನಡೆಯುತ್ತಾ?

ಮರು:
‘ನೇಮಿಸಿದವರು’ ಕೈಕೊಡುತ್ತದೆ. ಏಜೆಂಟ್ ತಮ್ಮ ಕೆಳಗೆ ಉಪ ಏಜೆಂಟ್ ಇಟ್ಟುಕೊಂಡರೆ ಅವರನ್ನು ನೇಮಿಸಿದವರು ಯಾರು? ಏಜೆಂಟೇ. ಆದರೆ ನೇಮಕ ಸರಿಯಾಗಿ ಆಗಿದ್ದರೆ, ಆ ಉಪ ಏಜೆಂಟ್ ಮಾಡಿದ್ದಕ್ಕೆ ಹೊರಗಿನವರ ಮುಂದೆ ಕಟ್ಟುಬೀಳುವವರು ಮೇಲಿನ ಪ್ರಿನ್ಸಿಪಾಲ್. ಸೆಕ್ಷನ್ 192. ಕರಾರಿನಲ್ಲಿ ಉಪ ಏಜೆಂಟರ ಮಾತು ಬರದಿದ್ದರೆ ನಿಮ್ಮ ಪದ ಸಾಕು. ಬಂದರೆ ‘ಮೂಲ ಮಾಲೀಕರು’ ಅಂತ ಹಾಕಿ, ಮೊದಲ ಪುಟದಲ್ಲೇ ಅದರ ಅರ್ಥ ಬರೆದುಬಿಡಿ.

ಮರು:
ಮಾಲೀಕರು! ಮತ್ತೆ ಅರಬ್ಬಿ!