ಟಾಗಲ್ ಬಟನ್ ಮತ್ತು ಆಯ್ಕೆಯ ಗುಂಪು: ಸ್ಟೇಟ್ ಯಾರ ಬಳಿ ಇರಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂಡದ ಕಾಂಪೊನೆಂಟ್ ಲೈಬ್ರರಿಗಾಗಿ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಒಂದು ಟಾಗಲ್ ಬಟನ್ (ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಆಗುವ ಬಟನ್) ಬರೆದಿದ್ದೇನೆ. ಒಂಟಿಯಾಗಿ ಬಳಸಿದಾಗ ಅದು ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಎಡಿಟರ್‌ನಲ್ಲಿ ಸಾಲುಗಳನ್ನು ಎಡಕ್ಕೆ, ನಡುವಿಗೆ, ಬಲಕ್ಕೆ ಹೊಂದಿಸುವ ಮೂರು ಬಟನ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಕೆಲವೊಮ್ಮೆ ಎರಡು ಒಟ್ಟಿಗೆ ಆನ್ ಆಗಿ ನಿಲ್ಲುತ್ತವೆ. ಅದನ್ನು ತಡೆಯಲು ಪ್ರತಿ ಬಟನ್‌ಗೂ ಒಂದೊಂದು ಯೂಸ್‌ಎಫೆಕ್ಟ್ (ರೆಂಡರ್ ಆದ ಮೇಲೆ, ಅಂದರೆ ಪರದೆಯ ರೂಪ ಸಿದ್ಧವಾದ ಮೇಲೆ ಓಡುವ ಕೋಡ್) ಬರೆದು ಉಳಿದೆರಡನ್ನು ಆಫ್ ಮಾಡುತ್ತಿದ್ದೇನೆ. ಇದೇ ಗುಂಪನ್ನು ಬೋಲ್ಡ್, ಇಟ್ಯಾಲಿಕ್, ಅಂಡರ್‌ಲೈನ್‌ಗೆ ಬಳಸಲು ಹೋದರೆ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಬಟನ್ ಸರಿಯಾಗಿಯೇ ಇದೆ, ತೊಡಕಿರುವುದು ಸ್ಟೇಟ್, ಅಂದರೆ ಈಗಿನ ಸ್ಥಿತಿಯ ನೆನಪು, ಇಟ್ಟಿರುವ ಜಾಗದಲ್ಲಿ. ಮೂರು ಬಟನ್‌ಗಳು ತಲಾ ಒಂದು ಟ್ರೂ ಅಥವಾ ಫಾಲ್ಸ್ ಇಟ್ಟುಕೊಂಡರೆ ಒಟ್ಟು ಎಂಟು ಸ್ಥಿತಿಗಳು ಸಾಧ್ಯವಾಗುತ್ತವೆ, ಆದರೆ ಸಾಲು ಹೊಂದಿಸುವ ಕೆಲಸದಲ್ಲಿ ಅರ್ಥವಿರುವುದು ಮೂರಕ್ಕೆ ಮಾತ್ರ. ಉಳಿದ ಐದನ್ನು ಅಳಿಸಲೆಂದೇ ನೀವು ಎಫೆಕ್ಟ್‌ಗಳನ್ನು ಬರೆಯುತ್ತಿದ್ದೀರಿ. ಎಫೆಕ್ಟ್ ಓಡುವುದು ರೆಂಡರ್ ಆದ ಮೇಲೆ, ಆದ್ದರಿಂದ ತಪ್ಪು ಸ್ಥಿತಿ ಮೊದಲು ಹುಟ್ಟಿ ಆಮೇಲೆ ತಿದ್ದಲ್ಪಡುತ್ತದೆ. ಸ್ಟೇಟನ್ನು ಗುಂಪಿಗೆ ಕೊಟ್ಟು, ಅಲ್ಲಿ ‘ಈಗ ಆಯ್ಕೆಯಾಗಿರುವುದು ಯಾವುದು’ ಎಂಬ ಒಂದೇ ಬೆಲೆಯನ್ನು (ವ್ಯಾಲ್ಯೂ) ಇಟ್ಟುಕೊಂಡರೆ ಆ ಐದು ಸ್ಥಿತಿಗಳು ಹುಟ್ಟುವುದೇ ಇಲ್ಲ, ತಿದ್ದುವ ಕೆಲಸವೂ ಇರುವುದಿಲ್ಲ.

ಒಳಗಿನ ಬಟನ್‌ಗೆ ತನ್ನ ಬೆಲೆ ಏನೆಂಬುದಷ್ಟೇ ತಿಳಿದಿರಲಿ. ತಾನು ಆನ್ ಆಗಿದ್ದೇನೆಯೇ ಎಂಬುದನ್ನು ಅದು ಕಾಂಟೆಕ್ಸ್ಟ್ (ಹೊರಗಿನ ಕಾಂಪೊನೆಂಟ್ ಒಳಗಿನವುಗಳಿಗೆಲ್ಲ ಮಾಹಿತಿ ತಲುಪಿಸುವ ರಿಯಾಕ್ಟ್‌ನ ದಾರಿ) ಮೂಲಕ ಗುಂಪಿನಿಂದ ಕೇಳಿ ತಿಳಿಯಲಿ, ಒತ್ತಿದಾಗ ‘ನನ್ನನ್ನು ಒತ್ತಿದರು’ ಎಂದು ಗುಂಪಿಗೆ ಹೇಳಿ ಸುಮ್ಮನಾಗಲಿ. ಮುಂದಿನದನ್ನು ಗುಂಪು ತೀರ್ಮಾನಿಸುತ್ತದೆ. ಆಗ ಸಾಲು ಹೊಂದಿಸುವ ಗುಂಪಿಗೂ ಬೋಲ್ಡ್, ಇಟ್ಯಾಲಿಕ್‌ಗಳ ಗುಂಪಿಗೂ ಅದೇ ಬಟನ್ ಸಾಕು; ಮೊದಲನೆಯದರ ಬೆಲೆ ಒಂದು ಸ್ಟ್ರಿಂಗ್ (ಒಂದೇ ಪದ), ಎರಡನೆಯದರ ಬೆಲೆ ಒಂದು ಅರೇ (ಪಟ್ಟಿ). ಎರಡರಲ್ಲಿ ಯಾವುದು ಎಂಬುದನ್ನು ಬೆಲೆಯ ಆಕಾರ ನೋಡಿ ಊಹಿಸಬೇಡಿ, ಸ್ಪಷ್ಟವಾದ ಒಂದು ಪ್ರಾಪ್ (ಕಾಂಪೊನೆಂಟ್‌ಗೆ ಹೊರಗಿನಿಂದ ಕೊಡುವ ಮಾಹಿತಿ) ಮೂಲಕವೇ ಕೇಳಿ ಪಡೆಯಿರಿ.

ಇನ್ನೊಂದು ಮಾತನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು: ಗುಂಪು ಖಾಲಿಯಾಗಬಹುದೇ? ಸಾಲುಗಳು ಯಾವುದೋ ಒಂದು ಕಡೆಗೆ ಹೊಂದಿಕೊಂಡೇ ಇರುತ್ತವೆ, ಹಾಗಾಗಿ ಆನ್ ಆಗಿರುವುದನ್ನೇ ಮತ್ತೆ ಒತ್ತಿದರೆ ಏನೂ ಆಗಬಾರದು. ಹುಡುಕಾಟದ ಫಿಲ್ಟರ್ ಆಗಿದ್ದರೆ ಮತ್ತೆ ಒತ್ತಿದಾಗ ಅದು ಆಫ್ ಆಗಬೇಕು. ರಾಡಿಕ್ಸ್ ಎಂಬ ರಿಯಾಕ್ಟ್ ಕಾಂಪೊನೆಂಟ್ ಲೈಬ್ರರಿಯ ಟಾಗಲ್ ಗ್ರೂಪ್‌ನಲ್ಲಿ ಒಂದೇ ಆಯ್ಕೆಯ ಬಗೆಯೂ ಖಾಲಿಯಾಗುತ್ತದೆ, ಆಗ ಖಾಲಿ ಸ್ಟ್ರಿಂಗ್ ಬರುತ್ತದೆ. ಅದನ್ನು ಗಮನಿಸದೆ ಆ ಸ್ಟ್ರಿಂಗನ್ನೇ ಡೇಟಾಬೇಸಿಗೆ ಉಳಿಸಿದ ಕೋಡನ್ನು ನಾನು ರಿವ್ಯೂ ಮಾಡುವಾಗ ಕಂಡಿದ್ದೇನೆ.

ಮರುಪ್ರಶ್ನೆ: ತುಂಬ ಧನ್ಯವಾದಗಳು ಸರ್. ಸ್ಟೇಟ್ ಗುಂಪಿನಲ್ಲೇ ಇದ್ದರೆ, ಲೈಬ್ರರಿ ಬಳಸುವವರು ಹೊರಗಿನಿಂದ ಅದನ್ನು ಬದಲಿಸಬೇಕೆಂದಾಗ ಏನು ಮಾಡಬೇಕು?

ಉತ್ತರ: ಎರಡು ದಾರಿಯನ್ನೂ ತೆರೆದಿಡಿ. ವ್ಯಾಲ್ಯೂ ಪ್ರಾಪ್ ಕೊಟ್ಟರೆ ಹೊರಗಿನವರೇ ಒಡೆಯರು, ಗುಂಪು ಬದಲಾವಣೆಯನ್ನು ಕೇಳಿಕೊಳ್ಳುತ್ತದೆಯೇ ಹೊರತು ತಾನಾಗಿ ಮಾಡಿಕೊಳ್ಳುವುದಿಲ್ಲ. ಡಿಫಾಲ್ಟ್‌ವ್ಯಾಲ್ಯೂ ಮಾತ್ರ ಕೊಟ್ಟರೆ ಅಲ್ಲಿಂದ ಮುಂದಿನದನ್ನು ಗುಂಪೇ ನೋಡಿಕೊಳ್ಳುತ್ತದೆ. ‘ಏನೂ ಆಯ್ಕೆಯಾಗಿಲ್ಲ’ ಎಂಬುದಕ್ಕೆ ನಲ್, ‘ಹೊರಗಿನಿಂದ ನಿಯಂತ್ರಣವಿಲ್ಲ’ ಎಂಬುದಕ್ಕೆ ಅನ್‌ಡಿಫೈನ್ಡ್ ಎಂದು ಗೆರೆ ಎಳೆದುಕೊಳ್ಳಿ. ಈ ಎರಡು ಕಲೆಸಿಹೋದರೆ, ಬಳಕೆದಾರರು ಫಿಲ್ಟರ್ ತೆರವು ಮಾಡಿದ ಕೂಡಲೇ ಗುಂಪು ತನ್ನ ಹಳೆಯ ಒಳಬೆಲೆಗೆ ಹಿಂದಿರುಗುತ್ತದೆ, ಕಾರಣ ಹುಡುಕಲು ಅರ್ಧ ದಿನ ಹೋಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಬಟನ್‌ನ ಸ್ಥಿತಿ ತಿಳಿಸಲು ಏರಿಯಾ-ಪ್ರೆಸ್ಡ್ ಆಟ್ರಿಬ್ಯೂಟ್ ಬಳಸಬೇಕೋ, ಏರಿಯಾ-ಚೆಕ್ಡ್ ಬಳಸಬೇಕೋ ಎಂಬ ಗೊಂದಲ ನನಗೆ ಯಾವಾಗಲೂ ಇದೆ. ನೋಡಲು ಎಲ್ಲವೂ ಒಂದೇ ರೀತಿ ಇರುತ್ತವಲ್ಲ?

ಉತ್ತರ: ಕಣ್ಣಿಗೆ ಒಂದೇ ರೀತಿ ಕಾಣುವುದರಿಂದಲೇ ಇಲ್ಲಿ ಎಚ್ಚರ ಬೇಕು, ಏಕೆಂದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ತಲುಪುವುದು ನಾವು ಕೊಟ್ಟ ಹೆಸರು, ರೋಲ್ (ಅದು ಯಾವ ಬಗೆಯದೆಂಬುದು) ಮತ್ತು ಸ್ಥಿತಿ ಮಾತ್ರ. ಬೋಲ್ಡ್‌ನಂತೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಆಗುವುದು ಬಟನ್; ಅದಕ್ಕೆ ಏರಿಯಾ-ಪ್ರೆಸ್ಡ್. ಹಲವುಗಳಲ್ಲಿ ಒಂದನ್ನೇ ಆರಿಸಬೇಕಾದದ್ದು ರೇಡಿಯೊ ಗುಂಪು, ಅದಕ್ಕೆ ಏರಿಯಾ-ಚೆಕ್ಡ್. ಸೆಟ್ಟಿಂಗ್ಸ್ ಪುಟದಲ್ಲಿ ಕೂಡಲೇ ಜಾರಿಗೆ ಬರುವ ಆನ್, ಆಫ್‌ಗೆ ಸ್ವಿಚ್ ಎಂಬ ರೋಲ್ ಇದೆ, ಅಲ್ಲಿಯೂ ಏರಿಯಾ-ಚೆಕ್ಡ್.

ಟಾಗಲ್ ಬಟನ್‌ನ ಹೆಸರನ್ನು ಮಾತ್ರ ಸ್ಥಿತಿಯ ಜೊತೆಗೆ ಬದಲಿಸಬೇಡಿ. ನಾನು ಒಮ್ಮೆ ‘ಮ್ಯೂಟ್’ ಬಟನ್ ಒತ್ತಿದಾಗ ಏರಿಯಾ-ಪ್ರೆಸ್ಡ್ ಟ್ರೂ ಆಗುವಂತೆಯೂ ಹೆಸರು ‘ಅನ್‌ಮ್ಯೂಟ್’ ಆಗುವಂತೆಯೂ ಬರೆದಿದ್ದೆ. ಪರದೆಯನ್ನು ಆಫ್ ಮಾಡಿ ಸ್ಕ್ರೀನ್ ರೀಡರ್‌ನಲ್ಲಿ ಕೇಳಿದಾಗ ‘ಅನ್‌ಮ್ಯೂಟ್, ಒತ್ತಲಾಗಿದೆ’ ಎಂದಿತು. ಮೈಕ್ ತೆರೆದಿದೆಯೋ ಮುಚ್ಚಿದೆಯೋ ಬರೆದ ನನಗೇ ತಿಳಿಯಲಿಲ್ಲ. ಹೆಸರು ಬದಲಿಸುವುದಾದರೆ ಏರಿಯಾ-ಪ್ರೆಸ್ಡ್ ಬೇಡ, ಏರಿಯಾ-ಪ್ರೆಸ್ಡ್ ಇಡುವುದಾದರೆ ಹೆಸರು ಹಾಗೆಯೇ ಇರಲಿ.

ನೋಟದ ವಿಷಯದಲ್ಲಿ, ‘ಆ್ಯಕ್ಟಿವ್’ ಎಂಬ ಬೇರೆ ಕ್ಲಾಸ್ ಸೇರಿಸುವ ಬದಲು ಈ ಏರಿಯಾ ಆಟ್ರಿಬ್ಯೂಟನ್ನೇ ಸಿಎಸ್‌ಎಸ್ ಸೆಲೆಕ್ಟರ್ ಆಗಿ ಬಳಸುವುದು ನನ್ನ ರೂಢಿ. ಆಟ್ರಿಬ್ಯೂಟ್ ಹಾಕಲು ಮರೆತರೆ ಬಣ್ಣವೂ ಬರುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಿನ್ನೆಲೆಯ ಬಣ್ಣವೊಂದನ್ನೇ ನಂಬಿ ಕೂರಬೇಡಿ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್‌ನಲ್ಲಿ ನಾವು ಕೊಟ್ಟ ಬಣ್ಣಗಳ ಜಾಗಕ್ಕೆ ಬಳಕೆದಾರರು ಆರಿಸಿಕೊಂಡ ಬಣ್ಣಗಳು ಬರುವುದರಿಂದ ಆನ್, ಆಫ್ ಎರಡೂ ಒಂದೇ ಆಗಿ ಕಾಣಬಹುದು. ದಪ್ಪ ಅಂಚು ಅಥವಾ ಟಿಕ್ ಗುರುತು ಜೊತೆಗಿರಲಿ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿಯಾದ 2023ರ ಡಬ್ಲ್ಯೂಸಿಎಜಿ 2.2ರ ಎಎ ಹಂತವು ಒತ್ತುವ ಜಾಗಕ್ಕೆ ಕೆಲವು ವಿನಾಯಿತಿಗಳೊಡನೆ ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ ಕೇಳುತ್ತದೆ.

ಅದೇ ಸದಸ್ಯರು: ಕೀಬೋರ್ಡ್‌ನ ವಿಷಯವನ್ನೂ ತಿಳಿಸಿ ಸರ್. ಪ್ರತಿ ಬಟನ್‌ಗೂ ಟ್ಯಾಬ್ ಕೀ ನಿಲ್ಲಬೇಕೇ?

ಉತ್ತರ: ರೇಡಿಯೊ ಗುಂಪಿನಲ್ಲಿ ಟ್ಯಾಬ್ ಒಮ್ಮೆ ಮಾತ್ರ ನಿಲ್ಲಬೇಕು, ಒಳಗೆ ಓಡಾಡುವುದು ಬಾಣದ ಕೀಗಳಿಂದ. ಆಯ್ಕೆಯಾಗಿರುವುದಕ್ಕೆ ಟ್ಯಾಬ್‌ಇಂಡೆಕ್ಸ್ 0 (ಟ್ಯಾಬ್ ಅಲ್ಲಿ ನಿಲ್ಲುತ್ತದೆ), ಉಳಿದವಕ್ಕೆ -1 (ನಿಲ್ಲುವುದಿಲ್ಲ) ಕೊಟ್ಟು, ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಚಲಿಸಿದಂತೆ ಆ ಸೊನ್ನೆಯನ್ನೂ ಜೊತೆಗೆ ಸಾಗಿಸಬೇಕು. ಗುಂಪು ಖಾಲಿಯಿದ್ದಾಗ ಎಲ್ಲಕ್ಕೂ -1 ಉಳಿದು, ಕೀಬೋರ್ಡ್‌ನಿಂದ ಗುಂಪಿನೊಳಗೆ ಕಾಲಿಡಲಾಗದ ತಪ್ಪು ಬಹಳ ಸಾಮಾನ್ಯ; ಆಗ ಡಿಸೇಬಲ್ ಆಗಿರದ ಮೊದಲನೆಯದಕ್ಕೆ 0 ಸಿಗುವಂತೆ ನೋಡಿಕೊಳ್ಳಿ. ರೇಡಿಯೊದಲ್ಲಿ ಬಾಣ ಒತ್ತಿದರೆ ಆಯ್ಕೆಯೂ ಬದಲಾಗುತ್ತದೆ. ಆದರೆ ಟೂಲ್‌ಬಾರ್‌ನೊಳಗಿನ ಟಾಗಲ್ ಬಟನ್‌ಗಳಲ್ಲಿ ಫೋಕಸ್ ಮಾತ್ರ ಸಾಗಬೇಕು, ಒತ್ತುವ ಕೆಲಸಕ್ಕೆ ಸ್ಪೇಸ್ ಅಥವಾ ಎಂಟರ್ ಇದೆ.

ನನ್ನ ಸಲಹೆ ಕೇಳಿದರೆ, ಒಂದೇ ಆಯ್ಕೆಯ, ಖಾಲಿಯಾಗದ ಗುಂಪಿಗೆ ಇದೆಲ್ಲವನ್ನೂ ಕೈಯಾರೆ ಬರೆಯಬೇಕಾಗಿಲ್ಲ. ಎಚ್‌ಟಿಎಂಎಲ್‌ನ ಫೀಲ್ಡ್‌ಸೆಟ್, ಲೆಜೆಂಡ್ ಮತ್ತು ನಿಜವಾದ ರೇಡಿಯೊ ಇನ್‌ಪುಟ್ ಬಳಸಿದರೆ ಬಾಣದ ಕೀ, ಟ್ಯಾಬ್, ಫಾರ್ಮ್‌ನ ಮಾಹಿತಿ ಎಲ್ಲವನ್ನೂ ಬ್ರೌಸರ್ ನೋಡಿಕೊಳ್ಳುತ್ತದೆ. ಇನ್‌ಪುಟನ್ನು ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ನನ್ ಎಂದು ಮರೆಮಾಡಿದರೆ ಫೋಕಸ್ ಕೂಡ ಹೋಗುತ್ತದೆ, ಆದ್ದರಿಂದ ಅಪಿಯರೆನ್ಸ್ ನನ್ ಕೊಟ್ಟು ಅದಕ್ಕೇ ಬೇಕಾದ ರೂಪ ಕೊಡಿ. ಗುಂಪಿನ ನೇಮ್ ಆಟ್ರಿಬ್ಯೂಟ್‌ಗೆ ಸ್ಥಿರವಾದ ಪದ ಬರೆಯಬೇಡಿ: ನಾನು ‘ಅಲೈನ್’ ಎಂದು ಬರೆದಿಟ್ಟಿದ್ದೆ, ಒಂದೇ ಪುಟಕ್ಕೆ ಎರಡು ಎಡಿಟರ್ ಬಂದ ದಿನ ಒಂದರಲ್ಲಿ ‘ನಡು’ ಆರಿಸಿದರೆ ಇನ್ನೊಂದರ ಆಯ್ಕೆ ಅಳಿಸಿಹೋಗುತ್ತಿತ್ತು. 2022ರಲ್ಲಿ ಬಂದ ರಿಯಾಕ್ಟ್ 18ರಿಂದ ಯೂಸ್‌ಐಡಿ ಇದೆ, ಅದರಿಂದ ಪ್ರತಿ ಗುಂಪಿಗೂ ಬೇರೆ ಹೆಸರು ಸಿಗುತ್ತದೆ.

ಪ್ರಶ್ನೆ ಕೇಳಿದವರು: ಸ್ಟೇಟನ್ನು ಗುಂಪಿಗೆ ಸಾಗಿಸಿದೆ ಸರ್, ಎಫೆಕ್ಟ್‌ಗಳೆಲ್ಲ ಹೋದವು. ಬೋಲ್ಡ್ ಗುಂಪನ್ನು ಒಂದು ಫಾರ್ಮ್‌ನೊಳಗೆ ಇಟ್ಟಾಗ ಮಾತ್ರ ಒತ್ತಿದೊಡನೆ ಫಾರ್ಮ್ ಸಬ್‌ಮಿಟ್ ಆಗುತ್ತಿದೆ.

ಉತ್ತರ: ಫಾರ್ಮ್‌ನೊಳಗಿನ ಬಟನ್ ಎಲಿಮೆಂಟ್‌ಗೆ ಟೈಪ್ ಹೇಳದಿದ್ದರೆ ಅದು ಸಬ್‌ಮಿಟ್ ಎಂದೇ ಲೆಕ್ಕ. ಟೈಪ್ ‘ಬಟನ್’ ಎಂಬುದನ್ನು ಕಾಂಪೊನೆಂಟ್‌ನ ಒಳಗೇ ಬರೆದುಬಿಡಿ, ಬಳಸುವವರ ನೆನಪಿಗೆ ಬಿಡಬೇಡಿ. ಆ ಗುಂಪಿನ ಬೆಲೆ ಫಾರ್ಮ್‌ನ ಜೊತೆಗೆ ಹೋಗಬೇಕಿದ್ದರೆ, ಆಯ್ಕೆಯಾದ ಪ್ರತಿಯೊಂದಕ್ಕೂ ಗುಂಪೇ ಒಂದು ಹಿಡನ್ ಇನ್‌ಪುಟ್ ಇಡಲಿ.